ಬ್ಲೈ ಬಂಗಲೆಯ ದೆವ್ವ: ಇತ್ತೋ, ಇರಲಿಲ್ಲವೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳ ಓದಿಗೆ ಈ ಅಂಕಣ ಸೂಚಿಸಿದ್ದು ಹೆನ್ರಿ ಜೇಮ್ಸ್ ಬರೆದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಎಂಬ 1898ರ ಇಂಗ್ಲಿಷ್ ಕಿರುಕಾದಂಬರಿಯನ್ನು. ಬಂದ ಪತ್ರಗಳಲ್ಲಿ ಕೆಲವು ‘ಇಂಥ ದೆವ್ವದ ಕತೆ ಇನ್ನೊಂದಿಲ್ಲ’ ಎನ್ನುತ್ತವೆ. ಉಳಿದವು ‘ಇದರಲ್ಲಿ ದೆವ್ವ ಎಲ್ಲಿದೆ ತೋರಿಸಿ ನೋಡೋಣ’ ಎಂದು ಜಗಳಕ್ಕೇ ನಿಂತಿವೆ.

ಓದದವರಿಗಾಗಿ ಕತೆ ಇಷ್ಟು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು, ಹಳ್ಳಿ ಪಾದ್ರಿಯ ಕಿರಿಮಗಳು, ಎಸೆಕ್ಸ್ ಪ್ರಾಂತದ ಬ್ಲೈ ಎಂಬ ದೊಡ್ಡ ಬಂಗಲೆಗೆ ಗವರ್ನೆಸ್ ಆಗಿ, ಅಂದರೆ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳಲು ಬರುತ್ತಾಳೆ. ಹತ್ತು ವರ್ಷದ ಮೈಲ್ಸ್, ಎಂಟು ವರ್ಷದ ಫ್ಲೋರಾ ಇಬ್ಬರೂ ತಬ್ಬಲಿಗಳು. ಲಂಡನ್ನಿನಲ್ಲಿರುವ ಅವರ ದೊಡ್ಡಪ್ಪನದು ಒಂದೇ ಷರತ್ತು: ಏನೇ ಆದರೂ ತನಗೆ ದೂರು ಬರಬಾರದು, ಕಾಗದ ಬರೆಯಕೂಡದು. ಸ್ವಲ್ಪ ದಿನದಲ್ಲಿ ಅವಳಿಗೆ ಒಬ್ಬ ಗಂಡಸು, ಆಮೇಲೆ ಒಬ್ಬ ಹೆಂಗಸು ಕಾಣಿಸಿಕೊಳ್ಳುತ್ತಾರೆ. ಅವನು ಯಜಮಾನನ ಖಾಸಾ ಆಳಾಗಿದ್ದ ಪೀಟರ್ ಕ್ವಿಂಟ್, ಅವಳು ಹಿಂದಿನ ಗವರ್ನೆಸ್ ಮಿಸ್ ಜೆಸೆಲ್. ಇಬ್ಬರೂ ಸತ್ತವರು. ಇವರು ಮಕ್ಕಳನ್ನು ಕರೆದೊಯ್ಯಲು ಬಂದಿದ್ದಾರೆ, ಮಕ್ಕಳಿಗೂ ಇದು ಗೊತ್ತು, ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ ಎಂಬುದು ಅವಳ ನಂಬಿಕೆ. ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಗ್ರೋಸ್ ಒಬ್ಬಳೇ ಅವಳಿಗೆ ಆಸರೆ. ಕೊನೆಗೆ ಮೈಲ್ಸ್ ಅವಳ ತೋಳಿನಲ್ಲೇ ಸಾಯುತ್ತಾನೆ.

ಉತ್ತರಗಳಲ್ಲಿ ಕೊನೆಯ ಪುಟದವರೆಗಿನ ವಿಷಯ ಬರುತ್ತದೆ. ಇನ್ನೂ ಓದಬೇಕೆಂದಿರುವವರು ಈ ಪುಟ ಮಡಚಿಟ್ಟು ಆಮೇಲೆ ಬನ್ನಿ.

ಪ್ರ: ನಮ್ಮ ಓದುಬಳಗದಲ್ಲಿ ಎರಡು ಬಣವಾಗಿದೆ. ದೆವ್ವ ನಿಜ ಎಂದು ಐದು ಜನ, ಗವರ್ನೆಸ್‌ಗೇ ತಲೆ ಕೆಟ್ಟಿತ್ತು ಎಂದು ನಾಲ್ಕು ಜನ. ಯಾರು ಸರಿ? (ಓದುಬಳಗದ ಸಂಚಾಲಕಿ, ಮೈಸೂರು)

ಉ: ಕೈ ಎತ್ತಿಸಿ ಎಣಿಸಿದರೆ ಬಗೆಹರಿಯುವ ವಿಷಯ ಅಲ್ಲ. ಮೊದಲು ಪೆನ್ಸಿಲ್ ಹಿಡಿದು ದೆವ್ವಗಳನ್ನೇ ಎಣಿಸಿ. ಕೊನೆಯ ದೃಶ್ಯದಲ್ಲಿ ಕಿಟಕಿಯಾಚೆ ಹೋಗಿ ಬಂದು ಮಾಡುವುದನ್ನು ಒಂದೇ ಎಂದು ಹಿಡಿದರೆ ಒಟ್ಟು ಎಂಟು ಸಲ. ಕ್ವಿಂಟ್ ನಾಲ್ಕು: 3ನೇ ಅಧ್ಯಾಯದಲ್ಲಿ ಹಳೇ ಗೋಪುರದ ಮೇಲೆ, 4ರಲ್ಲಿ ಊಟದ ಕೋಣೆಯ ಕಿಟಕಿಯಲ್ಲಿ, 9ರಲ್ಲಿ ನಸುಕಿನ ಹೊತ್ತು ಮೆಟ್ಟಿಲ ಮೇಲೆ, ಕೊನೆಗೆ 24ರಲ್ಲಿ. ಜೆಸೆಲ್ ನಾಲ್ಕು: 6ರ ಕೊನೆಗೆ ಕೆರೆಯ ಆಚೆ ದಡದಲ್ಲಿ, 10ರಲ್ಲಿ ಮೆಟ್ಟಿಲ ತಳದಲ್ಲಿ ಬೆನ್ನು ತಿರುಗಿಸಿ ತಲೆಮೇಲೆ ಕೈಹೊತ್ತು, 15ರಲ್ಲಿ ಪಾಠದ ಕೋಣೆಯ ಮೇಜಿಗೆ ಕೂತು, 20ರಲ್ಲಿ ಮತ್ತೆ ಕೆರೆಯಾಚೆ. ಈಗ ಪ್ರತಿಯೊಂದರ ಎದುರಿಗೆ ಎರಡು ಕಲಂ ಎಳೆಯಿರಿ. ಆ ಹೊತ್ತಿಗೆ ಅಲ್ಲಿ ಬೇರೆ ಯಾರಿದ್ದರು? ಅವರು ‘ನನಗೂ ಕಂಡಿತು’ ಎಂದು ಬಾಯಿಬಿಟ್ಟು ಹೇಳಿದರೇ? ಎರಡನೇ ಕಲಂ ಎಂಟು ಕಡೆಯೂ ಖಾಲಿ ಉಳಿಯುತ್ತದೆ.

ಹಾಗೆಂದು ನಾಲ್ಕು ಜನರ ಬಣ ಕುಣಿಯಬೇಕಾಗಿಲ್ಲ. ಎರಡು ಬಣಕ್ಕೂ ಒಂದೊಂದು ಕಬ್ಬಿಣದ ಕಡಲೆ ಇದೆ, ಅದನ್ನೇ ಎದುರು ಬಣದವರು ಮುಂದಿಡಬೇಕು.

ದೆವ್ವ ನಿಜ ಎನ್ನುವವರು ಅಗಿಯಬೇಕಾದದ್ದು 15 ಮತ್ತು 16ನೇ ಅಧ್ಯಾಯಗಳನ್ನು. ಪಾಠದ ಕೋಣೆಯಲ್ಲಿ ಜೆಸೆಲ್ ಕಂಡಾಗ ನಡೆದದ್ದನ್ನು ಗವರ್ನೆಸ್ ನಮಗೆ ವಿವರವಾಗಿ ಹೇಳುತ್ತಾಳೆ. ಅಲ್ಲಿ ದೆವ್ವ ತುಟಿ ಬಿಚ್ಚುವುದಿಲ್ಲ, ಕೂಗಿದವಳು ಇವಳೊಬ್ಬಳೇ. ಮುಂದಿನ ಅಧ್ಯಾಯದಲ್ಲಿ ಮಿಸೆಸ್ ಗ್ರೋಸ್ ಎದುರಿಗೆ ಕೂತು ‘ಜೆಸೆಲ್ ಜೊತೆ ಮಾತಾಯಿತು’ ಎನ್ನುತ್ತಾಳೆ. ಅವಳು ನರಕಯಾತನೆಯಲ್ಲಿದ್ದಾಳಂತೆ, ಫ್ಲೋರಾ ಬೇಕಂತೆ ಎಂದೂ ಸೇರಿಸುತ್ತಾಳೆ. ಮಾತು ಎಲ್ಲಿ ಆಯಿತು? ಹಿಂದಕ್ಕೆ ತಿರುವಿ ನೋಡಿದರೆ ಸಿಗುವುದಿಲ್ಲ. ಮೊದಲ ಓದಿನಲ್ಲಿ ಹೆಚ್ಚಿನವರು ಇದನ್ನು ಗಮನಿಸದೆ ದಾಟಿಬಿಡುತ್ತಾರೆ.

ತಲೆ ಕೆಟ್ಟಿತ್ತು ಎನ್ನುವವರ ಪಾಲಿನ ಕಡಲೆ 5ನೇ ಅಧ್ಯಾಯ. ಅದಕ್ಕೆ ಪ್ರತ್ಯೇಕ ಪ್ರಶ್ನೆಯೇ ಬಂದಿದೆ, ಕೆಳಗೆ ನೋಡಿ. ಅದೂ ಸಾಲದೆ ಕತೆಯ ಭಾಗವೇ ಆದ ಪೀಠಿಕೆ ಇದೆ. ಗವರ್ನೆಸ್ ಬರೆದಿಟ್ಟ ಈ ಕತೆಯ ಹಸ್ತಪ್ರತಿಯನ್ನು ಕಾಪಾಡಿಕೊಂಡು ಬಂದ ಡಗ್ಲಾಸ್ ಎಂಬಾತ ಮುಂದೆ ಅದೇ ಗವರ್ನೆಸ್ಸನ್ನು ಬಲ್ಲವನು. ಅವಳು ಅವನ ತಂಗಿಗೆ ಪಾಠ ಹೇಳುತ್ತಿದ್ದಳು. ಅಂಥ ಕೆಲಸದಲ್ಲಿ ಅಷ್ಟು ಒಳ್ಳೆಯ ಹೆಣ್ಣನ್ನು ತಾನು ಕಂಡಿಲ್ಲ ಎಂಬುದು ಅವನ ಮಾತು. ಕೈಯಲ್ಲಿ ಮಗು ಸತ್ತ ಹುಚ್ಚಿಗೆ ಇನ್ನೊಂದು ಮನೆಯಲ್ಲಿ ಮಕ್ಕಳನ್ನು ಒಪ್ಪಿಸಿದವರು ಯಾರು? (ಡಗ್ಲಾಸನಿಗೆ ಅವಳ ಮೇಲೆ ಮನಸ್ಸಿತ್ತು, ಅವನ ಸರ್ಟಿಫಿಕೇಟು ನಂಬಬೇಡಿ ಎಂದು ಎದುರು ಬಣದವರು ಹೇಳುತ್ತಾರೆ. ಅದೂ ನ್ಯಾಯವೇ.)

ಪ್ರ: ಕ್ವಿಂಟನನ್ನು ಅವನು ಬದುಕಿದ್ದಾಗ ಅವಳು ನೋಡಿಯೇ ಇಲ್ಲ. ಆದರೂ ಅವನ ಚಹರೆ ಹೇಳುತ್ತಾಳೆ, ಮಿಸೆಸ್ ಗ್ರೋಸ್ ಕೂಡಲೇ ಗುರುತು ಹಿಡಿಯುತ್ತಾಳೆ. ಇಷ್ಟಾದ ಮೇಲೂ ಭ್ರಮೆ ಎಂದು ವಾದಿಸುವುದು ಹೇಗೆ? (ನಿವೃತ್ತ ವಕೀಲರು, ಬಳ್ಳಾರಿ)

ಉ: ಎಡ್ಮಂಡ್ ವಿಲ್ಸನ್ ಎಂಬ ವಿಮರ್ಶಕ 1934ರಲ್ಲಿ ದೆವ್ವಗಳೆಲ್ಲ ಗವರ್ನೆಸ್‌ಳ ಅದುಮಿಟ್ಟ ಆಸೆಯ ಸೃಷ್ಟಿ ಎಂದು ಫ್ರಾಯ್ಡ್‌ನ ದಾರಿಯಲ್ಲಿ ಬರೆದಾಗ ಎಲ್ಲರೂ ಹಿಡಿದ ಗಂಟಲು ಇದೇ. 1947ರಲ್ಲಿ ರಾಬರ್ಟ್ ಹೈಲ್‌ಮನ್ ಈ ವಾದವನ್ನು ಕಟುವಾಗಿ ಖಂಡಿಸಿದ. ವಿಲ್ಸನ್ ಮುಂದಿನ ಮುದ್ರಣಗಳಲ್ಲಿ ತನ್ನ ವಾದವನ್ನು ತಿದ್ದುತ್ತಲೇ ಹೋದ.

ಚಹರೆ ನೀವು ಹೇಳಿದಷ್ಟೇ ಗಟ್ಟಿ. ಟೊಪ್ಪಿಗೆ ಇಲ್ಲ. ಕೆಂಪು, ಬಹಳ ಕೆಂಪು ಗುಂಗುರುಗೂದಲು, ಬಿಳಿಚಿದ ಉದ್ದ ಮುಖ, ಕೂದಲಷ್ಟೇ ಕೆಂಪಾದ ಸಣ್ಣ ಕೆನ್ನೆಗಡ್ಡ, ಅದಕ್ಕಿಂತ ಕಪ್ಪಾದ ಹುಬ್ಬು, ಚಿಕ್ಕ ಚೂಪು ಕಣ್ಣು, ಅಗಲ ಬಾಯಿ, ತೆಳು ತುಟಿ. ನೋಡಿದರೆ ನಾಟಕದವನ ಹಾಗೆ. ತೊಟ್ಟ ಬಟ್ಟೆ ಒಳ್ಳೆಯದೇ, ಆದರೆ ಅವನದಲ್ಲ. ಕ್ವಿಂಟ್ ಯಜಮಾನನ ಬಟ್ಟೆ ಹಾಕಿಕೊಳ್ಳುತ್ತಿದ್ದ ಎಂಬುದು ಮಿಸೆಸ್ ಗ್ರೋಸ್‌ಗೆ ಗೊತ್ತು.

ಇನ್ನು ನಿಮ್ಮ ಕಸುಬಿನ ಪಾಟೀಸವಾಲು. ಈ ಸಾಕ್ಷಿಗೆ ಆ ಹೊತ್ತಿಗೆ ಏನೇನು ಗೊತ್ತಿತ್ತು? 2ನೇ ಅಧ್ಯಾಯಕ್ಕೆ ಹೋಗಿ. ಯಜಮಾನನಿಗೆ ಎಳೆಯ ಚೆಲುವೆಯರೆಂದರೆ ಇಷ್ಟವೇನೋ ಎಂಬ ಮಾತು ಬಂದಾಗ ಮಿಸೆಸ್ ಗ್ರೋಸ್ ‘ಅವನಿಗೆ ಎಲ್ಲರೂ ಹಾಗೇ ಇದ್ದರೆ ಇಷ್ಟವಾಗುತ್ತಿತ್ತು’ ಎಂಬರ್ಥದಲ್ಲಿ ಬಾಯಿ ಜಾರಿ, ತಕ್ಷಣ ‘ಯಜಮಾನರ ವಿಷಯ ಹೇಳಿದೆ’ ಎಂದು ಸರಿಪಡಿಸುತ್ತಾಳೆ. ಮೊದಲು ಹೇಳಿದ್ದು ಯಾರ ವಿಷಯ ಎಂದು ಗವರ್ನೆಸ್ ಅಲ್ಲೇ ಕೇಳುತ್ತಾಳೆ, ಆದರೆ ಆ ಅನುಮಾನವನ್ನು ಮರುಕ್ಷಣ ಬಿಟ್ಟುಬಿಡುತ್ತಾಳೆ. ಎರಡನೆಯದು 5ನೇ ಅಧ್ಯಾಯದಲ್ಲೇ ಇದೆ, ಚಹರೆ ಹೇಳುವುದಕ್ಕಿಂತ ಸ್ವಲ್ಪ ಮೊದಲು. ಕಂಡವನು ಊರಿನವನಲ್ಲವೇ ಎಂದು ಮಿಸೆಸ್ ಗ್ರೋಸ್ ಕೇಳಿದಾಗ ಇವಳು, ಅಲ್ಲ, ನಿಮಗೆ ಹೇಳಲಿಲ್ಲ, ಆದರೆ ನಾನು ಖಾತ್ರಿ ಮಾಡಿಕೊಂಡೆ ಎನ್ನುತ್ತಾಳೆ. ಖಾತ್ರಿ ಮಾಡಿಕೊಳ್ಳಬೇಕಾದರೆ ಊರಲ್ಲಿ ಯಾರನ್ನಾದರೂ ವಿಚಾರಿಸಿರಬೇಕು. ವಿಚಾರಿಸಿದ್ದರೆ ಕೆಂಪುಗೂದಲಿನ ಕ್ವಿಂಟನ ಸುದ್ದಿ ಕಿವಿಗೆ ಬೀಳದೆ ಇರುತ್ತದೆಯೇ? 1957ರಲ್ಲಿ ಜಾನ್ ಸಿಲ್ವರ್ ಎಂಬ ವಿಮರ್ಶಕ ಎತ್ತಿದ ವಾದ ಇದು, ಅರ್ಧ ಸಾಲಿನ ಮೇಲೆ ನಿಂತದ್ದು.

ನಮ್ಮ ಲೆಕ್ಕದಲ್ಲಿ ಸಿಲ್ವರ್‌ನ ವಾದ ಸಾಧ್ಯತೆಯನ್ನು ತೋರಿಸುತ್ತದೆ, ಸಾಬೀತು ಮಾಡುವುದಿಲ್ಲ. ವಿಚಾರಿಸಿದ್ದು ನಿಜವಾದರೂ ಹುಬ್ಬಿನ ಬಣ್ಣ, ತುಟಿಯ ದಪ್ಪದವರೆಗೆ ಊರಿನವರು ಹೇಳಿರುತ್ತಾರೆಂದು ನಂಬುವುದು ಕಷ್ಟ.

ಪ್ರ: ದೆವ್ವ ಏನೂ ಮಾಡುವುದೇ ಇಲ್ಲ! ಸುಮ್ಮನೆ ನಿಂತು ನೋಡುತ್ತದೆ. ಇದಕ್ಕೆ ಭಯಾನಕ ಕಾದಂಬರಿ ಎಂದು ಹೆಸರು ಬೇರೆ. (ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಉ: 4ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಮಳೆ ನಿಂತ ಭಾನುವಾರ ಸಂಜೆ. ಚರ್ಚಿಗೆ ಹೊರಟವಳು ಕೈಗವಸು ತೆಗೆದುಕೊಳ್ಳಲು ಊಟದ ಕೋಣೆಗೆ ಬರುತ್ತಾಳೆ. ಕಿಟಕಿಯ ಗಾಜಿನಾಚೆ ಕ್ವಿಂಟ್. ಅವನು ತನ್ನನ್ನು ನೋಡಲು ಬಂದಿಲ್ಲ, ಬೇರೆ ಯಾರನ್ನೋ ಹುಡುಕುತ್ತಿದ್ದಾನೆ ಎಂದು ಅವಳಿಗೆ ಹೊಳೆಯುತ್ತದೆ. ಓಡಿಹೋಗಿ ಹೊರಗೆ ನೋಡಿದರೆ ಯಾರೂ ಇಲ್ಲ. ಆಗ ಅವಳು ಅವನು ನಿಂತಿದ್ದ ಜಾಗದಲ್ಲೇ ನಿಂತು, ಗಾಜಿಗೆ ಮುಖ ಹಚ್ಚಿ ಒಳಗೆ ನೋಡುತ್ತಾಳೆ. ಅಷ್ಟರಲ್ಲಿ ಕೋಣೆಗೆ ಬಂದ ಮಿಸೆಸ್ ಗ್ರೋಸ್ ಗಾಜಿನಾಚೆಯ ಈ ಮುಖ ಕಂಡು ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತಾಳೆ. ದೆವ್ವದ ಜಾಗಕ್ಕೆ ಪಾಠದಮ್ಮ ಬಂದು ನಿಂತಾಯಿತು, ಬೆಚ್ಚಿಬೀಳಿಸಿದ್ದೂ ಅವಳೇ. ರಕ್ತ, ಕಿರುಚಾಟ ಬೇಕಿದ್ದರೆ ಇದು ನಿಮ್ಮ ಪುಸ್ತಕ ಅಲ್ಲ, ಅದರಲ್ಲಿ ತಪ್ಪೂ ಇಲ್ಲ.

ಪ್ರ: ಲೇಖಕನ ಮನಸ್ಸಿನಲ್ಲಿ ಏನಿತ್ತು? ಅವನೇ ಎಲ್ಲಾದರೂ ಹೇಳಿದ್ದಾನೆಯೇ? (ಪದವಿ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರು, ಹಾಸನ)

ಉ: ಹೇಳಿದ್ದಾನೆ, ಮತ್ತು ಪ್ರತಿ ಸಲವೂ ಜಾರಿಕೊಂಡಿದ್ದಾನೆ. ದಾಖಲೆ ಶುರುವಾಗುವುದು 1895ರ ಜನವರಿ 12ರ ಟಿಪ್ಪಣಿ ಪುಸ್ತಕದಿಂದ. ಆಗಷ್ಟೇ, ಅದೇ ತಿಂಗಳ 5ರಂದು, ಅವನ ನಾಟಕವೊಂದು ಲಂಡನ್ನಿನಲ್ಲಿ ಪ್ರೇಕ್ಷಕರ ಕೂಗಾಟಕ್ಕೆ ಸಿಕ್ಕಿತ್ತು. 10ರಂದು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಬೆನ್ಸನ್ ಅವರ ಮನೆಗೆ ಹೋಗಿದ್ದಾಗ ಅವರು ಹೇಳಿದ ಅರೆಬರೆ ಕತೆಯನ್ನು ಜೇಮ್ಸ್ ಗುರುತುಹಾಕಿಕೊಂಡ: ಹಳೇ ಬಂಗಲೆ, ತಂದೆತಾಯಿ ಇಲ್ಲದ ಮಕ್ಕಳು, ಅವರನ್ನು ಕೆಡಿಸಿದ ಕೆಟ್ಟ ಆಳುಗಳು, ಸತ್ತ ಮೇಲೂ ಬಂದು ಅಪಾಯದ ಜಾಗಗಳಾಚೆಯಿಂದ ಮಕ್ಕಳನ್ನು ಕೈಬೀಸಿ ಕರೆಯುವುದು. ಹೊರಗಿನಿಂದ ನೋಡಿದವರೊಬ್ಬರು ಹೇಳುವ ಹಾಗೆ ಬರೆಯಬೇಕು ಎಂದೂ ಸೇರಿಸಿದ್ದಾನೆ.

ದೆವ್ವದ ಪಕ್ಷದವರು ಇದನ್ನು ತುರುಪಿನ ಎಲೆಯಂತೆ ಬೀಸುತ್ತಾರೆ: ನೋಡಿ, ಮೂಲದಲ್ಲಿ ದೆವ್ವಗಳು ನಿಜವೇ. ಒಪ್ಪೋಣ. ಆದರೆ ಆ ಟಿಪ್ಪಣಿಯಲ್ಲಿ ಗವರ್ನೆಸ್ ಇಲ್ಲ. ಎರಡೂವರೆ ವರ್ಷ ಕಳೆದು ಬರೆಯಲು ಕೂತಾಗ ಅವನು ಸೇರಿಸಿದ ಮುಖ್ಯ ಪಾತ್ರವೇ ಅವಳು. ಎಲ್ಲವನ್ನೂ ಅವಳ ಕಣ್ಣಿನಿಂದಲೇ ಹಾಯಿಸಿದ. ಟಿಪ್ಪಣಿಯಲ್ಲಿದ್ದದ್ದೇ ಕತೆಯಾಗಿದ್ದರೆ ಇವತ್ತು ಜಗಳವೂ ಇರುತ್ತಿರಲಿಲ್ಲ, ಬಹುಶಃ ಓದುಗರೂ ಇರುತ್ತಿರಲಿಲ್ಲ.

1898ರ ಡಿಸೆಂಬರಿನಲ್ಲಿ ಎಚ್.ಜಿ. ವೆಲ್ಸ್‌ಗೆ ಬರೆದ ಪತ್ರದಲ್ಲಿ ಇದು ಹೊಟ್ಟೆಪಾಡಿಗೆ ಬರೆದದ್ದು, ಬರೀ ಬುದ್ಧಿಯ ಆಟ ಎಂದು ತಳ್ಳಿಹಾಕಿದ್ದಾನೆ. 1908ರ ಪರಿಷ್ಕೃತ ಪಾಠಕ್ಕೆ ಅವನೇ ಬರೆದ ಮುನ್ನುಡಿಯಲ್ಲಿ ಧಾಟಿ ಬೇರೆ. ಸುಲಭಕ್ಕೆ ಸಿಕ್ಕಿಬೀಳದ ಜಾಣ ಓದುಗರನ್ನು ಹಿಡಿಯಲು ಒಡ್ಡಿದ ಬಲೆ ಎಂಬರ್ಥದ ಮಾತಿದೆ. ಕೆಡುಕು ಇಂಥದ್ದೇ ಎಂದು ಬರೆಯದೆ ಅದನ್ನು ಓದುಗನೇ ಊಹಿಸಿಕೊಳ್ಳುವಂತೆ ಮಾಡಿದೆ ಎಂದೂ ಹೇಳುತ್ತಾನೆ. ಇನ್ನೊಂದು ಮಾತು ತರಗತಿಯಲ್ಲಿ ಉಪಯೋಗಕ್ಕೆ ಬರುತ್ತದೆ. 1882ರಲ್ಲಿ ಶುರುವಾದ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಆಗ ‘ದಾಖಲಾದ’ ದೆವ್ವಗಳ ವರದಿಗಳನ್ನು ಪ್ರಕಟಿಸುತ್ತಿತ್ತು. ಜೇಮ್ಸ್‌ನ ಅಣ್ಣ ವಿಲಿಯಂ ಅದರ ಅಧ್ಯಕ್ಷನೂ ಆಗಿದ್ದ. ಆ ವರದಿಗಳ ದೆವ್ವಗಳಿಗೆ ಮಾಡಲು ಕೆಲಸವೇ ಇಲ್ಲ, ಕತೆಗೆ ಬೇಕಾದದ್ದು ಅಂಥವಲ್ಲ ಎಂದು ಈ ಮುನ್ನುಡಿ ಸ್ಪಷ್ಟವಾಗಿ ಹೇಳುತ್ತದೆ.

ಪ್ರ: ಇದು ನಮ್ಮ ‘ಆಪ್ತಮಿತ್ರ’ದ ಕತೆಯೇ ಅಲ್ಲವೇ? (ಗೃಹಿಣಿ, ದಾವಣಗೆರೆ)

ಉ: ಅಲ್ಲ, ಆದರೆ ಪಕ್ಕಪಕ್ಕ ಇಟ್ಟು ನೋಡಲು ಒಳ್ಳೆಯ ಜೋಡಿ. 2004ರ ಆ ಚಿತ್ರದಲ್ಲಿ ವಿಷ್ಣುವರ್ಧನ್ ಮಾಡಿದ್ದು ಮನೋವೈದ್ಯನ ಪಾತ್ರ. ಬಂಗಲೆಯಲ್ಲಿ ನಡೆದದ್ದಕ್ಕೆಲ್ಲ ನಾಗವಲ್ಲಿಯ ಆತ್ಮ ಕಾರಣವೋ ಗಂಗಾಳ ಕಾಯಿಲೆ ಕಾರಣವೋ ಎಂಬುದನ್ನು ಅವನು ಬಿಡಿಸಿ ಹೇಳುತ್ತಾನೆ, ಆಚಾರ್ಯರನ್ನು ಜೊತೆಗಿಟ್ಟುಕೊಂಡೇ ಚಿಕಿತ್ಸೆಯನ್ನೂ ಮಾಡುತ್ತಾನೆ. ಬ್ಲೈ ಬಂಗಲೆಗೆ ಡಾಕ್ಟರು ಬರುವುದೇ ಇಲ್ಲ. ದೊಡ್ಡಪ್ಪ ಬಾಗಿಲು ಹಾಕಿಕೊಂಡಿದ್ದಾನೆ, ಮಿಸೆಸ್ ಗ್ರೋಸ್‌ಗೆ ಓದು ಬರಹ ಬಾರದು, ಉಳಿದವರು ಮಕ್ಕಳು. ತೀರ್ಪು ಕೊಡಬಲ್ಲವರನ್ನೆಲ್ಲ ಲೇಖಕ ಮೊದಲೇ ಮನೆಯಿಂದ ಹೊರಗಿಟ್ಟಿದ್ದಾನೆ.

ಪ್ರ: ಹತ್ತು ಪುಟ ಓದಿ ಬಿಟ್ಟೆ. ವಾಕ್ಯಗಳು ರೈಲಿನಷ್ಟು ಉದ್ದ. ಇದನ್ನು ಓದುವುದಕ್ಕೆ ಏನಾದರೂ ಉಪಾಯ ಇದೆಯೇ? (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉ: ಇದೆ. ಆ ಹೊತ್ತಿಗೆ ಜೇಮ್ಸ್‌ಗೆ ಬಲಗೈ ಮಣಿಕಟ್ಟಿನ ನೋವು, ಟೈಪಿಸ್ಟ್ ಎದುರಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದ. ಆದ್ದರಿಂದ ಕಣ್ಣಿಗೆ ಸಿಕ್ಕು ಎನಿಸುವ ವಾಕ್ಯ ಗಟ್ಟಿಯಾಗಿ ಓದಿದರೆ ಸಡಿಲವಾಗುತ್ತದೆ. ಸಿಕ್ಕಿಹಾಕಿಕೊಂಡ ವಾಕ್ಯದಲ್ಲಿ ಮೊದಲು ಕರ್ತೃ, ಕ್ರಿಯಾಪದ ಹುಡುಕಿಕೊಳ್ಳಿ, ಮಧ್ಯದ ಅಲ್ಪವಿರಾಮಗಳ ನಡುವಿನದ್ದನ್ನು ಎರಡನೇ ಸುತ್ತಿಗೆ ಬಿಡಿ.

ಪೀಠಿಕೆ ಬಿಟ್ಟರೆ 24 ಅಧ್ಯಾಯ, ಎಲ್ಲವೂ ಚಿಕ್ಕವು. ದಿನಕ್ಕೆ ಎರಡರಂತೆ ಹನ್ನೆರಡು ದಿನ ಸಾಕು. ಮೊದಲು ‘ಕೋಲಿಯರ್ಸ್ ವೀಕ್ಲಿ’ ಪತ್ರಿಕೆಯಲ್ಲಿ 1898ರ ಜನವರಿ 27ರಿಂದ ಏಪ್ರಿಲ್ 16ರವರೆಗೆ ಬಂದದ್ದೂ ಹನ್ನೆರಡು ಕಂತಿನಲ್ಲೇ. ಒಂದೇ ರಾತ್ರಿ ಮುಗಿಸಲು ಹೊರಟವರು 12ರಿಂದ 18ರ ಮಧ್ಯೆ ಸುಸ್ತಾಗಿ ಸಂಭಾಷಣೆಯನ್ನು ಹಾರಿಸಿಬಿಡುತ್ತಾರೆ. ಹಾಗೆ ಹಾರಿಸಿದರೆ ಕತೆಯೇ ಕೈತಪ್ಪುತ್ತದೆ.

ಏಕೆಂದರೆ ಕೈಚಳಕವೆಲ್ಲ ಆ ಮಾತುಕತೆಯಲ್ಲಿದೆ. ಮಿಸೆಸ್ ಗ್ರೋಸ್ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತಾಳೆ, ಗವರ್ನೆಸ್ ಅದನ್ನು ಪೂರ್ತಿ ಮಾಡುತ್ತಾಳೆ, ಮುಂದಿನ ಅಧ್ಯಾಯದಲ್ಲಿ ಅದನ್ನೇ ಮಿಸೆಸ್ ಗ್ರೋಸ್ ಹೇಳಿದ್ದೆಂದು ಲೆಕ್ಕಕ್ಕೆ ಹಿಡಿಯುತ್ತಾಳೆ. ಇಂಥ ಪ್ರತಿ ಜಾಗದಲ್ಲೂ ಅಂಚಿನಲ್ಲಿ ಒಂದು ಗೀಟು ಹಾಕಿ. ‘ಅವನು’ ಎಂದಾಗ ಮೈಲ್ಸೋ ಕ್ವಿಂಟೋ ದೊಡ್ಡಪ್ಪನೋ ಎಂದು ತಿಳಿಯದ ಕಡೆ ಇನ್ನೊಂದು ಗುರುತು. ಪೀಠಿಕೆಯನ್ನು ಮಾತ್ರ ಬಿಡಬೇಡಿ. ಬಿಟ್ಟವರಿಗೆ ಗವರ್ನೆಸ್ ಯಜಮಾನನನ್ನು ನೋಡಿದ್ದು ಎರಡೇ ಸಲ, ಆದರೂ ಮನಸೋತಿದ್ದಳು ಎಂಬ ಸುಳಿವು ತಪ್ಪಿಹೋಗುತ್ತದೆ.

ಪ್ರ: ಮೈಲ್ಸ್ ಸತ್ತದ್ದು ಹೇಗೆ? ಕೊನೆಯ ಪುಟವನ್ನು ಎಷ್ಟು ಸಲ ಓದಿದರೂ ತಿಳಿಯುತ್ತಿಲ್ಲ. (ಗ್ರಂಥಪಾಲಕರು, ಉಡುಪಿ)

ಉ: ನಡೆದದ್ದನ್ನು ಕ್ರಮವಾಗಿ ಇಟ್ಟುಕೊಳ್ಳೋಣ. ಫ್ಲೋರಾ ಮಿಸೆಸ್ ಗ್ರೋಸ್ ಜೊತೆ ಲಂಡನ್ನಿಗೆ ಹೋಗಿಯಾಗಿದೆ. ಮೈಲ್ಸ್, ಗವರ್ನೆಸ್ ಇಬ್ಬರೇ ಊಟದ ಕೋಣೆಯಲ್ಲಿ. ಶಾಲೆಯಿಂದ ಹೊರಹಾಕಿದ್ದೇಕೆ ಎಂದು ಅವಳು ಒತ್ತಿ ಒತ್ತಿ ಕೇಳುತ್ತಾಳೆ. ದೊಡ್ಡಪ್ಪನಿಗೆ ಅವಳು ಬರೆದಿದ್ದ ಕಾಗದ ಕದ್ದದ್ದು ತಾನೇ ಎಂದು ಅವನು ಒಪ್ಪುತ್ತಾನೆ. ಶಾಲೆಯಲ್ಲಿ ತನಗೆ ಇಷ್ಟವಾದ ಕೆಲವರಿಗೆ ಏನೋ ‘ಹೇಳಿದೆ’ ಎನ್ನುತ್ತಾನೆ, ಏನೆಂದು ನಮಗೆ ತಿಳಿಯುವುದಿಲ್ಲ. ಕಿಟಕಿಯಲ್ಲಿ ಕ್ವಿಂಟ್. ಅವಳು ಹುಡುಗನನ್ನು ಎದೆಗೆ ಅವುಚಿಕೊಂಡು ಅವನಿಗೆ ಕಿಟಕಿ ಕಾಣದಂತೆ ಹಿಡಿಯುತ್ತಾಳೆ. ಅವಳ ಕಿರುಚಾಟ ಕೇಳಿ ಅವನು ಮೊದಲು ಕೇಳುವುದು ‘ಅವಳು ಬಂದಿದ್ದಾಳೆಯೇ’ ಎಂದು, ಜೆಸೆಲ್ ಹೆಸರು ಹಿಡಿದು. ಜೆಸೆಲ್ ಅಲ್ಲ ಎಂದ ಮೇಲೆ ‘ಹಾಗಾದರೆ ಅವನೇ?’ ಯಾರವನು ಎಂದು ಅವಳು ಪಟ್ಟು ಹಿಡಿದಾಗ ‘ಪೀಟರ್ ಕ್ವಿಂಟ್’ ಎಂಬ ಹೆಸರು, ಅದರ ಬೆನ್ನಿಗೇ ‘ಪಿಶಾಚಿ’ ಎಂಬ ಬೈಗುಳ, ಆಮೇಲೆ ‘ಎಲ್ಲಿ?’ ಸ್ವಲ್ಪ ಹೊತ್ತಿಗೆ ಅವಳ ತೋಳಿನಲ್ಲಿ ಅವನ ಎದೆಬಡಿತ ನಿಂತಿರುತ್ತದೆ.

ಆ ಬೈಗುಳ ಯಾರಿಗೆ? ಕ್ವಿಂಟನಿಗಾದರೆ ಹುಡುಗ ಕೆಟ್ಟದ್ದನ್ನು ಕೊನೆಗೂ ಹೆಸರಿಟ್ಟು ದೂಡಿದ, ಆ ಬಿಡುಗಡೆಯನ್ನು ಅವನ ಜೀವ ತಾಳಲಿಲ್ಲ. ಗವರ್ನೆಸ್‌ಗಾದರೆ ಅವಳೇ ಅವನನ್ನು ಹೆದರಿಸಿ ಕೊಂದಳು. ‘ಎಲ್ಲಿ?’ ಎಂಬ ಪ್ರಶ್ನೆಯೂ ಇಬ್ಬಾಯಿಯದೇ: ಕಂಡಿದ್ದರೆ ಏಕೆ ಕೇಳಬೇಕು, ಗೊತ್ತೇ ಇಲ್ಲದಿದ್ದರೆ ಸತ್ತವರಿಬ್ಬರ ಹೆಸರು ಬಾಯಿಗೆ ಬಂದದ್ದು ಹೇಗೆ?

ನಮ್ಮ ಓದು ಹೀಗಿದೆ, ಒಪ್ಪದವರು ಬರೆಯಿರಿ. ಬಂಗಲೆಯಲ್ಲಿ ದೆವ್ವ ಇತ್ತು. 5ನೇ ಅಧ್ಯಾಯದ ಚಹರೆ, 21ರಲ್ಲಿ ಫ್ಲೋರಾಳ ಬಾಯಿಂದ ಬಂದ ಹೊಲಸು ಮಾತು ಕೇಳಿ ಏನೂ ಕಾಣದ ಮಿಸೆಸ್ ಗ್ರೋಸ್ ಕೂಡ ‘ನಂಬುತ್ತೇನೆ’ ಎಂದದ್ದು, ಇವೆರಡನ್ನೂ ಭ್ರಮೆಯ ವಾದ ಪೂರ್ತಿ ಅರಗಿಸಿಕೊಳ್ಳಲಾರದು. ಆದರೆ ಮಗುವಿನ ಉಸಿರು ನಿಂತದ್ದು ಕಾಪಾಡಲು ಹೋದವಳ ಅಪ್ಪುಗೆಯಲ್ಲಿ. ಇಡೀ ಅಧ್ಯಾಯದಲ್ಲಿ ಅವಳ ಕೈ ಎಲ್ಲೆಲ್ಲಿದೆ, ಹಿಡಿತ ಎಷ್ಟೆಷ್ಟು ಬಿಗಿಯಾಗುತ್ತದೆ ಎಂಬುದಕ್ಕೆ ಮಾತ್ರ ಗೆರೆ ಎಳೆದುಕೊಂಡು ಓದಿ ನೋಡಿ.

ಪ್ರ: ಮಗಳಿಗೆ 13 ವರ್ಷ. ಓದಲು ಕೊಡಬಹುದೇ? (ತಾಯಿ, ಬೆಂಗಳೂರು)

ಉ: ಎರಡು ಮೂರು ವರ್ಷ ತಡೆಯಿರಿ. ರಕ್ತಪಾತವಾಗಲಿ ಅಶ್ಲೀಲ ಪದವಾಗಲಿ ಒಂದೂ ಇಲ್ಲ. ಆದರೆ ಕ್ವಿಂಟ್ ಆ ಹುಡುಗನ ಜೊತೆ ಅತಿ ಸಲಿಗೆಯಿಂದಿದ್ದ ಎಂಬ ಮಾತಿದೆ, ಏನದು ಎಂದು ಬಿಡಿಸಿಲ್ಲ. ದೊಡ್ಡವರಿಗೆ ತಳಮಳ ಹುಟ್ಟಿಸುವುದು ಅದೇ. ಹೊಸದಾಗಿ ಬಂದಾಗಲೂ ಜನ ಇಬ್ಭಾಗವಾಗಿದ್ದರು. ಅಮೆರಿಕದ ‘ದಿ ಇಂಡಿಪೆಂಡೆಂಟ್’ ಪತ್ರಿಕೆ 1899ರಲ್ಲಿ ಇಷ್ಟು ಕೆಟ್ಟ ಕತೆಯನ್ನು ಯಾವ ಸಾಹಿತ್ಯದಲ್ಲೂ ಓದಿಲ್ಲ ಎಂದು ಉಗಿದಿತ್ತು. ಅದೇ ವರ್ಷ ಆಸ್ಕರ್ ವೈಲ್ಡ್ ಸ್ನೇಹಿತನಿಗೆ ಬರೆದ ಪತ್ರದಲ್ಲಿ ಇದನ್ನು ವಿಷಭರಿತ, ಅದ್ಭುತವಾದ ಪುಟ್ಟ ಕತೆ ಎಂದು ಕೊಂಡಾಡಿದ್ದ.

ಪ್ರ: ದೀಪಾವಳಿ ವಿಶೇಷಾಂಕಕ್ಕೆ ಇದೇ ಬಗೆಯ ದೆವ್ವದ ಕತೆ ಬರೆಯಬೇಕೆಂದಿದ್ದೇನೆ, ಸುಮಾರು 3000 ಪದ. ಓದುಗರಿಗೆ ಕೊನೆಯವರೆಗೂ ಅನುಮಾನ ಉಳಿಯಬೇಕು. ಹೇಗೆ ಕಟ್ಟಲಿ? (ಹವ್ಯಾಸಿ ಬರಹಗಾರ, ಧಾರವಾಡ)

ಉ: ಮೊದಲನೆಯದು, ಹೇಳುವವರು ಒಬ್ಬರೇ ಇರಲಿ ಮತ್ತು ಅವರಿಗೆ ಏನನ್ನಾದರೂ ಕಾಣುವ ಹಂಬಲ ಇರಲಿ. ಬ್ಲೈಯಲ್ಲಿ ಮೊದಲ ಆಕೃತಿ ಗೋಪುರದ ಮೇಲೆ ಕಾಣುವುದು ಗವರ್ನೆಸ್ ಯಜಮಾನನ ಗುಂಗಿನಲ್ಲಿ, ದಾರಿಯ ತಿರುವಿನಲ್ಲಿ ಅವನೇ ಎದುರಾದರೆ ಎಂದು ನೆನೆಯುತ್ತಾ ನಡೆಯುತ್ತಿರುವ ಹೊತ್ತಿಗೆ ಸರಿಯಾಗಿ.

3000 ಪದಕ್ಕೆ ಮೂರು ದರ್ಶನ ಧಾರಾಳ. ಮೊದಲನೆಯದು ದೂರದಲ್ಲಿ, ಬೆಳಕಿದ್ದಾಗ. ಕತ್ತಲಲ್ಲಿ ಕಂಡದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನೆಯದು ಹತ್ತಿರ, ನಡುವೆ ಗಾಜೋ ನೀರೋ ಬಾಗಿಲೋ ಇರಲಿ. ಮೂರನೆಯದರಲ್ಲಿ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು, ಅವರಿಗೆ ಕಾಣಬಾರದು, ಕಾಣಲಿಲ್ಲ ಎಂದು ಅವರು ಹೇಳಿದ್ದು ಸುಳ್ಳಿರಬಹುದು ಎಂದೂ ಅನಿಸಬೇಕು. 1ನೇ ಮತ್ತು 2ನೇ ದರ್ಶನದ ನಡುವೆ ಕಡಿಮೆಯೆಂದರೂ 500 ಪದಗಳಷ್ಟು ಮಾಮೂಲಿ ದಿನಚರಿ ಬರಲಿ, ಇಲ್ಲದಿದ್ದರೆ ಓದುಗ ಎಚ್ಚರಗೊಂಡು ಮುಂದಿನದಕ್ಕೆ ಕಾದು ಕೂರುತ್ತಾನೆ.

ಎರಡೂ ಪಕ್ಷಕ್ಕೆ ಒಂದೊಂದು ಬಿಡಿಸಲಾಗದ ಪುರಾವೆ ಕೊಡಿ. ದೆವ್ವದ ಪರವಾಗಿ, ಕತೆ ಹೇಳುವವರಿಗೆ ಗೊತ್ತಿರಲು ಸಾಧ್ಯವಿಲ್ಲದ ಒಂದು ವಿವರ. ವಿರುದ್ಧವಾಗಿ ಅವರದೇ ಹೇಳಿಕೆಯಲ್ಲಿ ಒಂದು ಎಡವಟ್ಟು. ಎರಡನೆಯದನ್ನು ಒತ್ತಿ ಹೇಳಬೇಡಿ, ಹತ್ತಾರು ಪ್ಯಾರಾ ಅಂತರದಲ್ಲಿಡಿ.

ಕೆಡುವುದು ಎಲ್ಲಿ ಎಂದರೆ, ಸಾಮಾನ್ಯವಾಗಿ ನಾಯಿಯಿಂದ. ನಾಯಿ ಊಳಿಟ್ಟಿತೆಂದು ಬರೆದಿರೋ ಮುಗಿಯಿತು, ನಾಯಿಗೆ ಮನೋರೋಗ ಇರುವುದಿಲ್ಲ. ಹಸು ಹಗ್ಗ ಕಿತ್ತುಕೊಂಡದ್ದು, ಒದ್ದೆ ಹೆಜ್ಜೆಗುರುತು, ಗೆಜ್ಜೆಸದ್ದು ಮನೆಮಂದಿಗೆಲ್ಲ ಕೇಳಿದ್ದು, ಎಲ್ಲ ಇದೇ ಜಾತಿ. ವಸ್ತುಸಾಕ್ಷಿ ಬೇಕೇ ಬೇಕೆಂದರೆ ಅದನ್ನು ಮುಂದಿನ ಸಾಲಿನಲ್ಲೇ ಕಿತ್ತುಕೊಳ್ಳಿ. 17ನೇ ಅಧ್ಯಾಯದ ಕೊನೆ ನೋಡಿ: ಮೈಲ್ಸ್‌ನ ಕೋಣೆಯಲ್ಲಿ ತಣ್ಣನೆ ಗಾಳಿ ನುಗ್ಗಿ ಮೇಣದಬತ್ತಿ ಆರುತ್ತದೆ, ಕಿಟಕಿ ಮಾತ್ರ ಮುಚ್ಚಿಯೇ ಇದೆ. ಅಬ್ಬಾ ಎನ್ನುವಷ್ಟರಲ್ಲಿ ಹುಡುಗ ‘ನಾನೇ ಊದಿದೆ’ ಎನ್ನುತ್ತಾನೆ. ಅವನು ಊದಿದನೋ, ಯಾರನ್ನೋ ಕಾಪಾಡಲು ಹಾಗೆಂದನೋ!

ಇನ್ನು ಭಾಷೆ. ‘ಕಂಡಂತಾಯಿತು’, ‘ಅನಿಸಿತು’ ಎಂದು ಸಾಲುಸಾಲಿಗೂ ಬರೆದರೆ ಭ್ರಮೆಯ ಪಕ್ಷ ಗೆದ್ದಂತೆಯೇ. ಕಂಡದ್ದನ್ನು ಕಂಡೆ ಎಂದೇ ಬರೆಯಿರಿ, ಅನುಮಾನ ಓದುಗನಿಗೆ ಬರಲಿ. ಆಕೃತಿಯನ್ನು ‘ಅದು’ ಎಂದು ಕರೆದರೆ ಅಲ್ಲಿಗೆ ದೆವ್ವ ಖಾಯಂ. ‘ಅವಳು’ ಎಂದೇ ನಡೆಸಿಕೊಂಡು ಹೋಗಿ. ಕೊನೆಗೆ ಡಾಕ್ಟರನ್ನಾಗಲಿ ಅರ್ಚಕರನ್ನಾಗಲಿ ಕರೆಸಬೇಡಿ.

ಪ್ರ: ಸಿನಿಮಾ ನೋಡಿ ಆಮೇಲೆ ಪುಸ್ತಕ ಓದಿದರೆ ನಡೆಯುತ್ತದೆಯೇ? (ಓದುಗರು, ಶಿವಮೊಗ್ಗ)

ಉ: ಬೇಡ, ಪುಸ್ತಕವೇ ಮೊದಲು. ಕ್ಯಾಮೆರಾ ಏನನ್ನಾದರೂ ತೋರಿಸಲೇಬೇಕಲ್ಲ. ಡೆಬೊರಾ ಕರ್ ನಟಿಸಿದ ‘ದಿ ಇನ್ನೊಸೆಂಟ್ಸ್’ (1961) ಇವುಗಳಲ್ಲಿ ಅತ್ಯುತ್ತಮ, ಕಪ್ಪು ಬಿಳುಪು, ಅನುಮಾನವನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಅಲ್ಲೂ ಪಾಠದ ಕೋಣೆಯಲ್ಲಿ ಜೆಸೆಲ್ ಮಾಯವಾದ ಮೇಲೆ ಒಂದು ಕಣ್ಣೀರ ಹನಿ ಉಳಿಯುತ್ತದೆ, ಗವರ್ನೆಸ್ ಅದನ್ನು ಮುಟ್ಟುತ್ತಾಳೆ. ಪುಸ್ತಕದಲ್ಲಿ ಆ ಹನಿ ಇಲ್ಲ. ಬೆಂಜಮಿನ್ ಬ್ರಿಟನ್‌ನ ಅಪೆರಾ 1954ರಲ್ಲಿ ವೆನಿಸ್‌ನಲ್ಲಿ ಮೊದಲು ಪ್ರದರ್ಶನವಾಯಿತು. ಅದರಲ್ಲಿ ದೆವ್ವಗಳು ಹಾಡಲೇಬೇಕು, ಹಾಡಲು ಮಾತು ಬೇಕು. ಸಂಗೀತ ಅಮೋಘ, ಆದರೆ ಗೊತ್ತಿಲ್ಲದೆ ನೋಡಿದರೆ ನಿಮ್ಮ ತೀರ್ಪು ಅಲ್ಲೇ ಆಗಿಬಿಡುತ್ತದೆ.

ಪ್ರ: ಯಾವ ಪ್ರತಿ ಕೊಳ್ಳಲಿ? (ಓದುಗರು, ಕಲಬುರಗಿ)

ಉ: ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಕೊಳ್ಳುವುದಾದರೆ 1908ರ ಪರಿಷ್ಕೃತ ಪಾಠ ಮತ್ತು ಆಗ ಜೇಮ್ಸ್ ಬರೆದ ಮುನ್ನುಡಿ ಎರಡೂ ಇರುವ ಪ್ರತಿ ನೋಡಿ ಕೊಳ್ಳಿ. ಮುನ್ನುಡಿಯನ್ನು ಕತೆ ಮುಗಿಸಿದ ಮೇಲೆ ಓದಿ. ಸಂಪಾದಕರು ಬರೆದ ಪ್ರಸ್ತಾವನೆಗೂ ಅದೇ ಮಾತು, ಹೆಚ್ಚಿನವು ಮೊದಲ ಪುಟದಲ್ಲೇ ಮೈಲ್ಸ್‌ನನ್ನು ಸಾಯಿಸಿಬಿಡುತ್ತವೆ.

ಪ್ರ: ಕತೆಯಲ್ಲಿ ಭಾರತದ ಪ್ರಸ್ತಾಪ ಇದೆ ಎಂದು ಗೆಳೆಯರು ಪಂತ ಕಟ್ಟಿದ್ದಾರೆ. ನಿಜವೇ? (ಓದುಗರು, ವಿಜಯಪುರ)

ಉ: ಪಂತ ಗೆಳೆಯರದೇ. ಮೈಲ್ಸ್, ಫ್ಲೋರಾರ ತಂದೆ ಸೈನ್ಯದಲ್ಲಿದ್ದವನು. ತಂದೆತಾಯಿ ಇಬ್ಬರೂ ತೀರಿಕೊಂಡದ್ದು ಭಾರತದಲ್ಲಿ ಎಂದು ಪೀಠಿಕೆಯಲ್ಲಿ ಬರುತ್ತದೆ. ಯಾವ ಊರು ಎಂದು ಹೇಳಿಲ್ಲ.